ಮಗುಚದ ಹಾಯಿ

ಡೀಸೆಲ್ ನಿಂತುಹೋದ ವರ್ಷ ಅಳಿವೆಬಾಗಿಲಿನವರಿಗೆ ಮೊದಲು ಕೇಳಿಸಿದ್ದು ಏಡಿಗಳ ಸದ್ದಂತೆ. ಇಂಜಿನುಗಳ ಗಡಗಡದ ಅಡಿಯಲ್ಲಿ ಅಷ್ಟು ಕಾಲ ಹೂತುಕೊಂಡಿದ್ದ ಸಣ್ಣಪುಟ್ಟ ಸದ್ದುಗಳೆಲ್ಲ ಒಂದೊಂದಾಗಿ ಮೇಲೆದ್ದವು. ಮರಳಿನಲ್ಲಿ ಏಡಿ ತೂತು ತೋಡುವುದು, ಹೊಳೆಯ ನೀರು ಸಮುದ್ರದ ನೀರನ್ನು ಮುಟ್ಟುವಲ್ಲಿ ಪಿಸುಗುಡುವುದು, ದೂರದ ದೋಣಿಯಲ್ಲಿ ಯಾರೋ ಕೆಮ್ಮುವುದು ಕೂಡ ದಡಕ್ಕೆ ಕೇಳಿಸತೊಡಗಿತು. ದೋಣಿಗಳು ಮತ್ತೆ ಹಾಯಿ ಕಟ್ಟಿಕೊಂಡವು. ಆದರೆ ಅವು ಅಜ್ಜಂದಿರ ಕಾಲದ ಬಿಳಿ ಹಾಯಿಗಳಲ್ಲ. ನೇರಳೆಹಣ್ಣಿನ ಬಣ್ಣದ, ಬಿಸಿಲು ಕುಡಿಯುವ ಹಾಯಿಗಳು. ಹಗಲೆಲ್ಲ ಗಾಳಿಯನ್ನೂ ಬಿಸಿಲನ್ನೂ ಒಟ್ಟಿಗೇ ಹಿಡಿದು, ಬಿಸಿಲಿನ ಪಾಲನ್ನು ದೋಣಿಯ ಹೊಟ್ಟೆಯಲ್ಲಿರುವ ಬ್ಯಾಟರಿಗೆ ತುಂಬಿಸುತ್ತವೆ. ಸಂಜೆ ಗಾಳಿ ಬಿದ್ದ ಮೇಲೆ ಆ ಬಿಸಿಲೇ ಮೋಟರು ತಿರುಗಿಸಿ ದೋಣಿಯನ್ನು ಮನೆ ಮುಟ್ಟಿಸುತ್ತದೆ.

ಹಾಯಿ ತಯಾರಾಗುವುದು ಊರಿನ ಹೆಂಗಸರ ಕೈಯಲ್ಲಿ. ಹಿಂದೆ ಮೀನು ಒಣಗಿಸುತ್ತಿದ್ದ ಮರಳಿನ ಹರವಿಗೆ ಈಗ ಹಾಯಿಕಳ ಎಂಬ ಹೆಸರು. ಮಳೆ ಹಿಂದಾಗಿ ಶ್ರಾವಣದ ಹೊಳವು ಬಿದ್ದಾಗ ಅವರು ಕಂಬಳಿಯಷ್ಟು ದಪ್ಪದ ಬಟ್ಟೆಯನ್ನು ಶಾಯಿಯಲ್ಲಿ ಅದ್ದಿ ಹಸಿ ಮರಳಿನ ಮೇಲೆ ಹರವುತ್ತಾರೆ. ಬಟ್ಟೆಯ ಒಂದು ಮೈಗೆ ತಾಮ್ರದ ಎಳೆ, ಇನ್ನೊಂದು ಮೈಗೆ ಬೆಳ್ಳಿಯ ಎಳೆ ನೇಯ್ದಿರುತ್ತದೆ. ಬೆಳ್ಳಿ ಮೈ ಮರಳಿಗೆ, ತಾಮ್ರದ ಮೈ ಆಕಾಶಕ್ಕೆ. ಶಾಯಿ ಕರಗಿರುವುದು ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ. ಹಾಗಾಗಿ ಆ ದಿನಗಳಲ್ಲಿ ಊರಿಗೆ ಊರೇ ಯಾರೋ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತ ಕೂತಂತೆ ಘಮ್ಮೆನ್ನುತ್ತದೆ. ಮಕ್ಕಳಿಗೆ ಆ ವಾಸನೆಗೇ ನಿದ್ದೆ ಬರುತ್ತದೆ.

ಈ ವರ್ಷ ಮಾತ್ರ ಆ ಘಮದೊಳಗೆ ಅಂಜಿಕೆಯೊಂದು ಸೇರಿಕೊಂಡಿತ್ತು. ಕಿತ್ತಳೆ ಎಣ್ಣೆಯ ಶಾಯಿ ಬಂದು ಇದು ಎರಡನೆಯ ಹಂಗಾಮು. ಅದಕ್ಕೂ ಮೊದಲಿನ ಶಾಯಿ ಹರವಿದ ಗಳಿಗೆಯಲ್ಲೇ ಒಣಗುತ್ತಿತ್ತು, ಆದರೆ ಅದರ ಹಬೆ ಹೆಂಗಸರ ಎದೆಗೆ ವಿಷವೆಂದು ಸರಕಾರ ನಿಲ್ಲಿಸಿತು. ಹೊಸ ಶಾಯಿ ಬಂದ ಮೇಲೆ ಹಾಯಿಗಳು ಕಾಣಲು ಮೊದಲಿಗಿಂತ ಚಂದ, ಕೆಲಸದಲ್ಲಿ ಅರೆಜೀವ. ಕಳೆದ ಮಾಗಿಯಲ್ಲಿ ಒಂದು ಸಂಜೆ ಶೀನನ ದೋಣಿ, ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಿಗೆ ಬಂದಾಗ ಬ್ಯಾಟರಿ ಬರಿದಾಯಿತು. ಇಳಿತದ ಸೆಳೆತ ದೋಣಿಯನ್ನು ಹೊರಸಮುದ್ರಕ್ಕೆ ಒಯ್ದಿತು. ಮಾರನೆಯ ದಿನ ಗಾಳಿ ಎದ್ದ ಮೇಲಷ್ಟೇ ಅವನು ಮರಳಿದ್ದು. ಆ ದೋಣಿಯ ಹಾಯಿಯ ಅಂಚಿನಲ್ಲಿದ್ದದ್ದು ಜೋಡಿಗಂಟು. ಅದು ಶೀನನ ತಾಯಿ ಪದ್ದಕ್ಕನ ಗುರುತು.

ಪದ್ದಕ್ಕನೆಂದರೆ ಕಳಕ್ಕೇ ಹಿರಿಯಳು. ಅವಳು ಹರವಿದ ಹಾಯಿಯಲ್ಲಿ ಒಂದು ಸುಕ್ಕು ಇರುತ್ತಿರಲಿಲ್ಲ. ಅಂಥವಳ ಹಾಯಿಯೇ ಸೋತದ್ದು ಕಂಡು ಊರಿನ ಬಾಯಿ ಸುಮ್ಮನಿರಲಿಲ್ಲ. ಶಾಯಿಗೆ ಎಣ್ಣೆ ಜಾಸ್ತಿ ಬೆರೆಸಿ ತೆಳು ಮಾಡುತ್ತಾಳಂತೆ, ಉಳಿದ ಶಾಯಿ ಎಲ್ಲಿಗೋ ಹೋಗುತ್ತದಂತೆ ಎಂದು ಯಾರೋ ಅಂದರು, ಇನ್ಯಾರೋ ಹೌದೇನೋ ಅಂದರು. ಹಾಯಿ ಸಂಘದವರು ಮಾತು ಬೆಳೆಸದೆ ಒಂದು ತೀರ್ಮಾನಕ್ಕೆ ಬಂದರು: ಸಮುದ್ರಪೂಜೆಯ ದಿನ ಕಳದ ಹಾಯಿ ಕಟ್ಟಿದ ದೋಣಿ ಇಳಿತದ ಎದುರು ಅಳಿವೆ ದಾಟಿ ಬರಬೇಕು. ಬಾರದಿದ್ದರೆ ಘಟ್ಟದ ಮೇಲಿನ ಕಾರ್ಖಾನೆಯಿಂದ ಹಾಯಿ ತರಿಸುವುದು, ಕಳ ಮುಚ್ಚುವುದು.

ಪದ್ದಕ್ಕನ ಮಗಳು ಅಂಬುಜ ಕೆಲಸ ಮಾಡುವುದು ಶಾಯಿಯ ಅಳತೆಮನೆಯಲ್ಲಿ. ಅದು ಹಿಂದೆ ಐಸ್ ಪ್ಲಾಂಟು. ಗೋಡೆಗಳು ಮೊಳದಷ್ಟು ದಪ್ಪ. ಒಳಗೆ ಹೊಕ್ಕರೆ ಹೊರಗಿನ ಬಿಸಿಲು ಹಳೆಯ ಸುದ್ದಿಯಾಗಿಬಿಡುತ್ತದೆ. ಮಂಜುಗಡ್ಡೆ ಕರಗಿ ವರ್ಷಗಳಾದರೂ ನೆಲದೊಳಗೆ ಒಂದು ತಂಪು ಉಳಿದುಕೊಂಡಿತ್ತು. ಅಂಬುಜ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ನಡೆಯುತ್ತಿದ್ದಳು.

ಅವಳ ಉಪಕರಣ ನೋಡಲು ಏನೂ ಅಲ್ಲ. ಎರಡು ತಾಮ್ರದ ಫಲಕ, ನಡುವೆ ಗಾಜಿನ ಒಂದು ಪುಟ್ಟ ಗೂಡು, ಗೂಡಿನೊಳಗೆ ಒಂದು ಚಮಚೆ ಶಾಯಿ. ಮೇಲಿನ ಫಲಕದಲ್ಲಿ ಬಿಸಿನೀರು ಹರಿಯುತ್ತದೆ, ಕೆಳಗಿನದರಲ್ಲಿ ತಣ್ಣೀರು. ಕೆಳಗಿನಿಂದ ಕಾಯಿಸಿದರೆ ಶಾಯಿ ಗಂಜಿಯ ಹಾಗೆ ಮೇಲೆ ಕೆಳಗೆ ಹೊರಳಾಡಿ ಕಲಸಿಹೋಗುತ್ತದೆ. ಮೇಲಿನಿಂದ ಕಾಯಿಸಿದರೆ ಅಲುಗದೆ ನಿಲ್ಲುತ್ತದೆ. ಪಕ್ಕದಿಂದ ಲೇಸರಿನ ಎಳೆಯೊಂದು ಗೂಡನ್ನು ಹಾದು, ಎದುರು ಗೋಡೆಯ ಮೇಲೆ ಕುಂಕುಮದ ಬೊಟ್ಟಿನಂತೆ ಬೀಳುತ್ತದೆ. ನೇರಳೆ ಶಾಯಿ ಕೆಂಪನ್ನೊಂದು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಬಿಸಿ ತಾಗಿದೊಡನೆ ಬೊಟ್ಟು ಪಕ್ಕನೆ ಒಂದಿಷ್ಟು ಕೆಳಗೆ ಜಾರುತ್ತದೆ, ಅದು ಬರಿಯ ಕಾವಿನ ಆಟ. ಅದು ನಿಂತಲ್ಲಿ ಅಂಬುಜ ಸೀಮೆಸುಣ್ಣದ ಗೆರೆ ಎಳೆಯುತ್ತಾಳೆ. ನಿಜವಾದ ಅಳತೆ ಆಮೇಲಿನದು.

ಶಾಯಿಯೊಳಗೆ ಎರಡು ಬಗೆಯ ಕಣಗಳಿವೆ. ಬೆಳಕು ಬಿದ್ದಾಗ ವಿದ್ಯುತ್ತಿನ ಕಿಡಿಯನ್ನು ಕೊಡುವ ಕಣ ಒಂದು, ಕೊಳ್ಳುವ ಕಣ ಇನ್ನೊಂದು. ಎರಡೂ ಸುಮ್ಮನೆ ಬೆರೆತುಕೊಂಡಿದ್ದರೆ ಸಾಲದು. ಕೊಡುವವು ತಾಮ್ರದ ಕಡೆಗೆ, ಕೊಳ್ಳುವವು ಬೆಳ್ಳಿಯ ಕಡೆಗೆ ಒಂದಿಷ್ಟು ಸರಿದು ನಿಂತಾಗಲೇ ಹಾಯಿಗೆ ಬಲ. ಅವನ್ನು ಸರಿಸುವುದು ಯಾರು? ಕಾವು. ಒಂದು ಕಡೆ ಬಿಸಿ, ಒಂದು ಕಡೆ ತಂಪು ಇದ್ದರೆ ಈ ಶಾಯಿಯ ಕೊಳ್ಳುವ ಕಣಗಳು ತಂಪಿನ ಕಡೆಗೆ ಹೊರಡುತ್ತವೆ. ಇದಕ್ಕೆ ಉಷ್ಣವಿಸರಣೆ ಎಂದು ಹೆಸರು. ಕಾವು ತೆಗೆದರೆ ಮತ್ತೆ ಒಂದಕ್ಕೊಂದು ಬೆರೆತು ಎಲ್ಲ ಕಡೆಯೂ ಸಮನಾಗುತ್ತವೆ; ಅದು ಬರಿಯ ವಿಸರಣೆ. ಹಳೆಯ ಶಾಯಿಯಲ್ಲಿ ಅವು ಹರವುತ್ತಲೇ ಬೇರೆಯಾಗಿ ಒಣಗಿಬಿಡುತ್ತಿದ್ದವು, ಆಮೇಲೆ ಏನು ಮಾಡಿದರೂ ಕದಲುತ್ತಿರಲಿಲ್ಲ. ಈ ಶಾಯಿಯಲ್ಲಿ ಹೋಗುವುದೂ ನಿಧಾನ, ಬರುವುದೂ ನಿಧಾನ. ಕೊಳ್ಳುವ ಕಣಗಳು ತಂಪಿನ ತಳಕ್ಕೆ ಸೇರಿದಷ್ಟೂ ಲೇಸರಿನ ಎಳೆ ಅತ್ತ ಬಾಗುತ್ತದೆ. ಗೋಡೆಯ ಮೇಲಿನ ಬೊಟ್ಟು ಗೆರೆಯಿಂದ ಕೆಳಗೆ ಇಳಿಯುವುದನ್ನು ಕಣ್ಣಿಟ್ಟು ನೋಡಿದರೆ ಕಾಣದು. ಬೇರೆಲ್ಲೋ ನೋಡಿ ತಿರುಗಿದರೆ ಇಳಿದಿರುತ್ತದೆ. ಮಧ್ಯಾಹ್ನವಿಡೀ ಅದರ ಎದುರು ಕೂತಾಗ ಅಂಬುಜಳಿಗೆ ಕತ್ತಲೆಯೊಳಗೆ ಬುತ್ತಿ ಕಟ್ಟಿಕೊಂಡು ತಂಪಿನೂರಿಗೆ ಹೊರಟ ಲೆಕ್ಕವಿಲ್ಲದ ಜನ ಕಾಣಿಸುತ್ತಿದ್ದರು. ದೀಪವಿಲ್ಲ, ದಾರಿ ಕೇಳುವುದಿಲ್ಲ, ಹೊರಟಿದ್ದಾರೆ.

"ಎಂತ ಹೇಳ್ತದೆ ಬೊಟ್ಟು?" ಎಂದು ಕೇಳಿದರು ಹಂದೆಯವರು. ಅಳತೆಮನೆಯ ಹಿರಿಯರು ಅವರು; ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಹುಡುಕುವವರು.

"ತಂಪಿಗೇ ಹೋತಾ ಇತ್ತ್ ಸರ್. ಎಷ್ಟ್ ಸಲ ಅಳೆದ್ರೂ ಅದೇ. ಹಸಿ ಮರಳಿನ ಮೇಲೆ ಬೆಳ್ಳಿ ಮೈ ಮಾಡಿ ಹರವಿದ್ರೆ ಹಾಯಿ ಲಾಯ್ಕ್ ಬರ್ಕ್."

"ಬರಬೇಕು. ಬರ್ತಾ ಇಲ್ಲ." ಹಂದೆಯವರು ಬೊಟ್ಟನ್ನೇ ನೋಡಿದರು. "ಶಾಯಿಯಲ್ಲಿ ತಪ್ಪಿಲ್ಲ, ಅಳತೆಯಲ್ಲಿ ತಪ್ಪಿಲ್ಲ. ಹಾಗಾದ್ರೆ ಕಳದಲ್ಲಿ ಎಂತದೋ ಆಗ್ತಾ ಉಂಟು ಮಾರಾಯ್ತಿ. ನಿನ್ನಮ್ಮನ ಹತ್ತಿರ ಕೇಳಿದ್ಯಾ?"

"ಕೇಳಿದೆ. ಹರವುದ್, ಒಣಗಿಸುದ್, ಮಡಚುದ್. ಅಷ್ಟೇ ಅಂತ್ರ್."

ಮನೆಗೆ ಬಂದಾಗ ಪದ್ದಕ್ಕ ಕಾವಲಿಯ ಮೇಲೆ ಬಂಗುಡೆ ಇಟ್ಟಿದ್ದಳು. ಜಗಲಿಯಲ್ಲಿ ಶೀನ ಬಲೆಯ ಹರಿದ ಕಣ್ಣು ಕಟ್ಟುತ್ತಿದ್ದ.

"ಅಕ್ಕ, ಸುದ್ದಿ ಗೊತ್ತಿತ್ತಾ? ಸಂಘದವ್ರ್ ಹೋದ್ವರ್ಷದ್ ಹಾಯಿ ಎಲ್ಲ ಬಿಚ್ಚಿ ಬಲ ನೋಡಿದ್ರಂಬ್ರ್. ಎಲ್ಲಕ್ಕಿಂತ ಗಟ್ಟಿ ಹಾಯಿ ಯಾರದ್ ಹೇಳ್ ಕಾಂಬ?"

"ಯಾರದ್?"

"ಗುಲಾಬಿದ್!"

ಒಲೆಯ ಹತ್ತಿರದಿಂದ ಸೌಟಿನ ಸದ್ದು ಒಮ್ಮೆ ನಿಂತಿತು. ಗುಲಾಬಿಯೆಂದರೆ ಕಳದ ನಗೆಪಾಟಲು. ಹಾಯಿ ಹರವಿದ ಮೇಲೆ ಕವುಚಿಟ್ಟ ದೋಣಿಯ ನೆರಳಿನಲ್ಲಿ ಸೆರಗು ಹೊದ್ದು ಮಲಗಿದರೆ ಬಿಸಿಲು ಇಳಿದ ಮೇಲೇ ಏಳುವವಳು.

"ಥೋ, ಸುಮ್ನಿರಾ. ಆ ನಿದ್ರೆಮುಕ್ಕಿ ಹಾಯಿ ಗಟ್ಟಿ ಆತಾ?" ಎಂದಳು ಪದ್ದಕ್ಕ. ದನಿ ತಮಾಷೆಯದಾಗಿರಲಿಲ್ಲ. "ನಾ ಶಾಯಿ ಕದ್ದೆ ಅಂದ್ರ್. ಈಗ ಗುಲಾಬಿ ನಂಗಿಂತ ಮೇಲ್ ಅಂತ್ರ್. ಇನ್ನೆಂತ ಕೇಳುಕೆ ಬಾಕಿ ಇತ್ತ್?"

"ನಾ ಹೇಳದ್ದಲ್ಲ ಅಬ್ಬೀ. ಗುಲಾಬಿನೇ ಹೇಳ್ತಾ ತಿರಗ್ತಿತ್ತ್. ಎಲ್ಲ ನನ್ ಕೈಗುಣ ಅಂಬ್ರ್."

"ಕೈ ಇಟ್ರಲ್ದಾ ಕೈಗುಣ," ಎಂದು ಪದ್ದಕ್ಕ ಮೀನನ್ನು ಸರಕ್ಕನೆ ಮಗುಚಿದಳು. ಎಣ್ಣೆ ಚುರ್ರೆಂದಿತು. ಊಟಕ್ಕೆ ಕೂತಾಗ ಅವಳು ಶೀನನ ತಟ್ಟೆಗೆ ಮೀನು ಬಡಿಸಿ, ಅವನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿದಳು. ಅವನು ಅಳಿವೆಯ ಹೊರಗೆ ತೇಲಿಹೋದ ದಿನದಿಂದ ಅವಳಿಗೆ ಹೀಗೆ ನೋಡುವುದೊಂದು ಅಭ್ಯಾಸವಾಗಿತ್ತು. ಅವನು ಮಾತ್ರ ತಾಯಿಯ ಹಾಯಿಯನ್ನೇ ಕಟ್ಟುತ್ತೇನೆಂದು ಹಟ ಹಿಡಿದಿದ್ದ. ಜೋಡಿಗಂಟು ಇಲ್ಲದ ಹಾಯಿ ಅವನಿಗೆ ಬೇರೆಯವರ ಅಂಗಿ ತೊಟ್ಟಂತೆ.

ಮಾರನೆಯ ದಿನ ಅಳತೆಮನೆಯಲ್ಲಿ ತಣ್ಣೀರಿನ ಪಂಪಿಗೆ ಪಾಚಿ ಸಿಕ್ಕಿ ನಿಂತುಹೋಯಿತು. ಅದು ಸರಿಯಾಗುವವರೆಗೆ ಮಾಡಲು ಕೆಲಸವಿರಲಿಲ್ಲ. "ಹೋಗಿ ಊಟ ಮಾಡ್ಕೊಂಡ್ ಬಾ," ಎಂದರು ಹಂದೆಯವರು. ಅಂಬುಜ ಮನೆಯ ದಾರಿ ಬಿಟ್ಟು ಕಡಲ ದಾರಿ ಹಿಡಿದಳು. ನಡು ಮಧ್ಯಾಹ್ನದಲ್ಲಿ ಅವಳು ಹಾಯಿಕಳದ ಕಡೆಗೆ ಬಾರದೆ ಎಷ್ಟೋ ವರ್ಷವಾಗಿತ್ತು.

ಕಳ ನಿದ್ದೆಯೊಳಗಿನ ಊರಿನ ಹಾಗಿತ್ತು. ಮರಳಿನ ಮೇಲೆ ನೇರಳೆ ಹಾಯಿಗಳು, ಆಕಾಶವನ್ನು ತುಂಡು ತುಂಡು ಮಾಡಿ ಬಣ್ಣದಲ್ಲಿ ಅದ್ದಿ ಇಟ್ಟಂತೆ. ಅವುಗಳ ಮೇಲೆ ಬಿಸಿಗಾಳಿ ನಡುಗುತ್ತಿತ್ತು. ಅದರಾಚೆಗೆ ಸಮುದ್ರವೂ ನಡುಗುತ್ತಿತ್ತು. ಕಿತ್ತಳೆಯ ಘಮ ಎಷ್ಟು ಗಾಢವೆಂದರೆ ಉಸಿರಿನ ಜೊತೆ ನಾಲಗೆಗೂ ತಾಗುತ್ತಿತ್ತು. ಹೆಂಗಸರು ಅಲ್ಲಲ್ಲಿ ನೆರಳು ಹುಡುಕಿ ಕೂತಿದ್ದರು. ಯಾರೂ ಕರೆಯಲಿಲ್ಲ, ಯಾರೂ ಗಡಿಯಾರ ನೋಡಲಿಲ್ಲ. ತಮ್ಮ ನೆರಳು ತಮ್ಮ ಪಾದದೊಳಗೆ ಅಡಗಿದ ಹೊತ್ತಿಗೆ ಪದ್ದಕ್ಕ ಎದ್ದಳು. ಅವಳ ಹಿಂದೆ ಎಲ್ಲರೂ ಎದ್ದರು. ಹಾಯಿಯ ಒಂದೊಂದು ಮೂಲೆಗೆ ಒಬ್ಬೊಬ್ಬರು ಬಾಗಿ, ಮೇಲ್ಮೈಗೆ ಕಟ್ಟಿದ ಕೆನೆಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಹೋ" ಎಂದು ಒಂದೇ ದನಿ ತೆಗೆದು ಎತ್ತಿದರು. ನೇರಳೆ ಹಾಯಿಗಳು ಗಾಳಿಯಲ್ಲಿ ಒಮ್ಮೆ ಉಬ್ಬಿ, ಮೆಲ್ಲಗೆ ಹೊರಳಿ, ಬೆಳ್ಳಿಯ ಹೊಟ್ಟೆ ತೋರಿಸುತ್ತ ಮರಳಿನ ಮೇಲೆ ಬೆನ್ನು ಮಾಡಿ ಮಲಗಿದವು. ಇಡೀ ಕಳ ಮೀನಿನ ಹಿಂಡಿನ ಹಾಗೆ ಪಳ್ಳನೆ ಹೊಳೆಯಿತು.

ಎಂಥ ಚಂದ ಎಂದುಕೊಂಡು ಅಂಬುಜ ನಿಂತೇ ಇದ್ದಳು. ಸಣ್ಣವಳಿದ್ದಾಗ ಇದೇ ಮರಳಿನಲ್ಲಿ ನಂಗು ಮೀನು ಹರವಿದಾಗ ಅಜ್ಜಿ ಹೀಗೇ ಎದ್ದು ಮಗುಚುತ್ತಿದ್ದಳು, ತಾಯಿಯೂ, ತಾನೂ. ಎರಡೂ ಮೈ ಒಣಗಬೇಕು, ಇಲ್ಲದಿದ್ದರೆ ಅಡಿ ಮೈ ಕೊಳೆಯುತ್ತದೆ. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ಕಲಿಸುತ್ತಾರೆಯೆ? ಒಣಗಿಸುವುದೆಂದರೆ ಮಗುಚುವುದು ಅದರೊಳಗೇ ಇರುತ್ತದೆ. ಅದನ್ನು ಬೇರೆ ಕೆಲಸವೆಂದು ಹೇಳಬೇಕೆಂದು ತಾಯಿಗೂ ಹೊಳೆದಿರಲಿಲ್ಲ, ಕೇಳಬೇಕೆಂದು ತನಗೂ ಹೊಳೆದಿರಲಿಲ್ಲ.

ಆಮೇಲೆ ಅವಳ ಕಾಲಿನ ಅಡಿಯ ಮರಳು ತಣ್ಣಗಾದಂತಾಯಿತು. ಒಂದೇ ಒಂದು ಹಾಯಿ ಇನ್ನೂ ನೇರಳೆಯಾಗಿಯೇ ಮಲಗಿತ್ತು. ಅದರ ಪಕ್ಕದಲ್ಲಿ, ಕವುಚಿಟ್ಟ ದೋಣಿಯ ನೆರಳಿನಲ್ಲಿ, ಗುಲಾಬಿ ಬಾಯಿ ತೆರೆದುಕೊಂಡು ಮಲಗಿದ್ದಳು.

ಅಂಬುಜ ಊಟ ಮರೆತು ಅಳತೆಮನೆಗೆ ಓಡಿದಳು. ಪಂಪು ಸರಿಯಾಗಿತ್ತು. ಹೊಸ ಶಾಯಿ ತುಂಬಿ, ಮೇಲೆ ಬಿಸಿ ಕೆಳಗೆ ತಂಪು ಕೊಟ್ಟು, ಗೆರೆ ಎಳೆದು ಕೂತಳು. ಬೊಟ್ಟು ಗೆರೆಯಿಂದ ಮೆಲ್ಲಮೆಲ್ಲಗೆ ಇಳಿಯಿತು. ಅರ್ಧ ದಾರಿಗೆ ಬಂದಾಗ ಅವಳು ಫಲಕಗಳನ್ನು ಬಿಚ್ಚಿ, ಗಾಜಿನ ಗೂಡನ್ನು ಎರಡು ಬೆರಳಲ್ಲಿ ಹಿಡಿದು, ಮೀನನ್ನು ಮಗುಚುವ ಹಾಗೆ ಮಗುಚಿ ಇಟ್ಟಳು.

"ಇದೆಂತದು?" ಎಂದರು ಹಂದೆಯವರು.

"ಕಳದಲ್ಲಿ ಆಪುದ್ ಇದೇ ಸರ್. ಮೇಲಿನ ಕೆನೆ ಒಣಗಿರತ್ತ್, ಒಳಗೆ ಇನ್ನೂ ಹಸಿ. ಮಗಚಿ ಹಾಕ್ತ್ರ್."

ಹಂದೆಯವರು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತರು. ಬೊಟ್ಟು ಗೆರೆಗಿಂತ ಮೇಲಕ್ಕೆ ಜಿಗಿದು ನಿಂತಿತ್ತು. ತಂಪಿನ ಕಡೆಗೆ ಸೇರಿದ್ದವರು ಈಗ ಬಿಸಿಯ ಕಡೆಗೆ ಬಿದ್ದಿದ್ದರು. ಪಾಪ, ಗಂಟುಮೂಟೆ ಇಳಿಸುವ ಮೊದಲೇ ಊರು ತಲೆಕೆಳಗಾಗಿತ್ತು. ಅವರು ಮತ್ತೆ ಹೊರಟರು, ಬಂದ ದಾರಿಯಲ್ಲೇ. ಹೊರಗೆ ಹೊತ್ತು ಇಳಿಯುತ್ತಿದ್ದಾಗ ಬೊಟ್ಟು ತಾನು ಮೊದಲು ಹೊರಟ ಸೀಮೆಸುಣ್ಣದ ಗೆರೆಯ ಮೇಲೆ ಬಂದು ಕೂತಿತು. ಇಡೀ ಮಧ್ಯಾಹ್ನ ಏನೂ ಆಗಿಯೇ ಇಲ್ಲವೆಂಬಂತೆ.

"ಈ ಹೊತ್ತಿಗೆ ಹಾಯಿ ಪೂರಾ ಒಣಗ್ತದೆ ಅಲ್ವಾ?" ಹಂದೆಯವರು ಮೆಲ್ಲಗೆ ಕೇಳಿದರು. ಮತ್ತೆ ತಾವೇ ಹೇಳಿಕೊಂಡರು: "ದಾರಿ ಒಣಗಿತು. ನಡುವಿನಲ್ಲಿ ಇದ್ದವರು ನಡುವಿನಲ್ಲೇ ನಿಂತರು."

ಹಾಯಿ ಮಗುಚಬಾರದೆಂದು ಮನೆಯಲ್ಲಿ ಹೇಳುವುದು ಅಷ್ಟು ಸುಲಭವಾಗಲಿಲ್ಲ.

"ಮಗಚುಕಾಗ?" ಪದ್ದಕ್ಕ ಕೈಯಲ್ಲಿದ್ದ ಅಬ್ಬಲಿಗೆ ಹೂವಿನ ದಂಡೆಯನ್ನು ಕೆಳಗಿಟ್ಟಳು. "ಅಡಿ ಮೈ ಕೊಳ್ತ್ ಹೋಯ್ಲಿ ಅಂತ್ಯಾ?"

"ಕೊಳೂದಿಲ್ಲೆ ಅಬ್ಬೀ. ಅದ್ ಮೀನಲ್ಲ."

"ಮೀನಲ್ಲ ಅಂದೇಳಿ ನಂಗೂ ಗೊತ್ತಿತ್ತ್. ನಾ ನಡು ಬಿಸ್ಲಲ್ಲಿ ಬೆನ್ನು ಮುರ್ದ್ ಮಗಚಿದ್ಕೆ ಹಾಯಿ ಸತ್ತಿತ್ತ್, ಗುಲಾಬಿ ಬಾಯಿ ಬಿಟ್ಕಂಡ್ ಮನಿಕಂಡಿದ್ಕೆ ಹಾಯಿ ಬದ್ಕಿತ್ತ್. ಇದೇ ಅಲ್ದಾ ನೀ ಓದಿ ಕಂಡ್ಕಂಡದ್ದ್?"

ಶೀನ ನಕ್ಕುಬಿಟ್ಟ, ತಾಯಿ ನೋಡಿದ ನೋಟಕ್ಕೆ ನಗು ನುಂಗಿದ.

"ಹಾಂಗಾರೆ ನನ್ ಮಗ ಸಮುದ್ರಕ್ಕೆ ತೇಲಿ ಹೋದ್ದ್ ನನ್ ಈ ಕೈಯಿಂದ," ಎಂದಳು ಪದ್ದಕ್ಕ. ಈಗ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಬುಜಳಿಗೆ ತಾನು ಹೇಳಿದ ಮಾತಿನ ಭಾರ ಆಗ ತಿಳಿಯಿತು. ಶಾಯಿ ಕದ್ದಳೆಂಬ ಮಾತನ್ನಾದರೆ ಸುಳ್ಳೆಂದು ಕೊಡವಿಕೊಳ್ಳಬಹುದಿತ್ತು. ಇದನ್ನು ಹೇಗೆ ಕೊಡವುವುದು?

"ನಾಳೆ ನನ್ನೊಟ್ಟಿಗೆ ಬಾ," ಎಂದಳು ಅಂಬುಜ. "ನನ್ ಮಾತ್ ಬ್ಯಾಡ. ನೀನೇ ಕಾಣ್."

ಪದ್ದಕ್ಕ ಐಸ್ ಪ್ಲಾಂಟಿಗೆ ಕಾಲಿಟ್ಟದ್ದು ಮದುವೆಯಾದ ಹೊಸತರಲ್ಲಿ, ಮೀನಿಗೆ ಐಸ್ ಹೊರಲು. ಮಾರನೆಯ ದಿನ ಒಳಗೆ ಬಂದೊಡನೆ ನೆಲದ ತಂಪಿಗೆ ಕಾಲು ಹಿಂದೆಳೆದುಕೊಂಡು, "ಇನ್ನೂ ಹಾಂಗೇ ಇತ್ತಲೇ," ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಹಂದೆಯವರು "ಬನ್ನಿ, ಕೂತ್ಕೊಳ್ಳಿ ಪದ್ದಕ್ಕ" ಎಂದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು ಚಹಾ ತರಲು ಹೋದರು. ತಾಯಿ ಮಗಳು ಮಬ್ಬುಗತ್ತಲೆಯಲ್ಲಿ ಕೆಂಪು ಬೊಟ್ಟಿನ ಎದುರು ಕೂತರು.

ಕಾಯುವುದನ್ನು ಪದ್ದಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಮುದ್ರಕ್ಕೆ ಹೋದವರನ್ನು ಕಾಯುತ್ತ ಬಂದ ಹೆಂಗಸು. ಬೊಟ್ಟಿನಿಂದ ಕಣ್ಣು ಕೀಳದೆ ಕೂತಳು. ಅದು ಅಲುಗಿದ್ದು ಅಂಬುಜಳಿಗಿಂತ ಮೊದಲು ಅವಳಿಗೇ ತಿಳಿಯಿತು.

"ಇಳೀತ್," ಎಂದಳು. ಬಹಳ ಹೊತ್ತಿನ ಮೇಲೆ ಕೇಳಿದಳು: "ಅವು ಎಲ್ಲಿಗ್ ಹೋತೊ?"

"ತಂಪಿಗೆ."

"ನಮ್ ಹಾಂಗೇ." ಬೊಟ್ಟಿನ ಕಡೆಗೆ ಇನ್ನಷ್ಟು ಬಾಗಿದಳು. "ಹೋಯ್ ಮುಟ್ಟುಕೆ ಎಷ್ಟ್ ಹೊತ್ತ್ ಬೇಕ್?"

"ಬಿಸಿಲ್ ಇಳೂ ವರೆಗೆ. ಆಗ ಹಾಯಿನೂ ಒಣಗತ್ತ್. ಅಲ್ಲಿವರೆಗೆ ಯಾರೂ ಮುಟ್ಟುಕಾಗ."

ಅಂಬುಜ ಗೂಡನ್ನು ಮಗುಚಲು ಕೈ ಚಾಚಿದಳು. ಮಗುಚಿದರೆ ಬೊಟ್ಟು ಮೇಲಕ್ಕೆ ಜಿಗಿದು ಹಿಂದೆ ಬರುವುದನ್ನೂ ತೋರಿಸಬೇಕೆಂದಿದ್ದಳು. ಪದ್ದಕ್ಕ ಅವಳ ಮಣಿಕಟ್ಟು ಹಿಡಿದಳು. ಗೋಡೆಯ ಮೇಲಿನ ಕೆಂಪು ಅವಳ ಮೂಗುತಿಯಲ್ಲಿ ಮಿಣುಕುತ್ತಿತ್ತು.

"ಬ್ಯಾಡ ಹೆಣ್ಣೇ. ಅವು ಹೊರ್ಟಿದೊ, ಹೋಯ್ಲಿ."

ಮನೆಗೆ ಹೋಗುವ ದಾರಿಯಲ್ಲಿ ಅವಳು ಒಂದೇ ಮಾತಾಡಿದಳು. "ನೀರ್ದೋಸಿ ಹಾಂಗೆ ಅನ್ನ್. ಹೊಯ್ದ್, ಮುಚ್ಚಿ, ಸುಮ್ನೆ ಕೂಕಂಬುದ್. ಅದನ್ನ ಯಾರ್ ಮಗಚ್ತ್ರ್? ಮೊದ್ಲೇ ಹೀಂಗ್ ಹೇಳಿದ್ರೆ ನಂಗೂ ತಿಳೀತಿತ್ತ್."

ಸಮುದ್ರಪೂಜೆಗೆ ಮೊದಲು ಹಾಯಿ ಒಣಗಿಸಲು ಉಳಿದ ಕೊನೆಯ ಹೊಳವಿನ ದಿನ ಅಂಬುಜ ರಜೆ ಹಾಕಿ ಕಳಕ್ಕೆ ಬಂದಳು. ಪದ್ದಕ್ಕ ಹಾಯಿ ಅದ್ದಿ, ಇಳಿತ ಆಗಷ್ಟೇ ಬಿಟ್ಟುಹೋಗಿದ್ದ ಹಸಿ ಮರಳಿನ ಮೇಲೆ ಹರವಿದಳು. ಅಂಚಿನಲ್ಲಿ ಜೋಡಿಗಂಟು ಹಾಕಿದಳು. ಎಲ್ಲರಿಗೂ ವಿಷಯ ಹೇಳಿಯಾಗಿತ್ತು. ಎಲ್ಲರೂ ಹೂಂ ಎಂದಿದ್ದರು. ಆದರೂ ನೆರಳು ಪಾದದೊಳಗೆ ಅಡಗಿದ ಹೊತ್ತಿಗೆ, ಯಾರೂ ಕರೆಯದೆ, ಕಳದ ಹೆಂಗಸರೆಲ್ಲ ಎದ್ದು ನಿಂತುಬಿಟ್ಟರು! ಎದ್ದ ಮೇಲೆ ಏಕೆ ಎದ್ದೆವೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪದ್ದಕ್ಕನ ಬೆನ್ನೂ ಆಗಲೇ ಅರ್ಧ ಬಾಗಿತ್ತು, ಬೆರಳು ಹಾಯಿಯ ಮೂಲೆಗೆ ತಾಗಿತ್ತು.

"ಪದ್ದಕ್ಕಾ!" ದೋಣಿಯ ನೆರಳಿನಿಂದ ಗುಲಾಬಿಯ ದನಿ ಬಂತು. "ಕೈ ತೆಗಿ. ನಂಗೆ ಇವತ್ತ್ ನಿದ್ರೆ ಬಪ್ದಿಲ್ಲೆ. ನೀವೆಲ್ಲ ಎಂತ ಮಾಡ್ತ್ರಿ ಅಂದೇಳಿ ಕಾವಲ್ ಕೂಕಂಡಿದೆ."

ಕಳವೆಲ್ಲ ಗೊಳ್ಳೆಂದು ನಕ್ಕಿತು. ಪದ್ದಕ್ಕ ಕೂಡ ನಕ್ಕಳು, ಇಷ್ಟವಿಲ್ಲದೆ. "ನೀ ಮನಿಕೋ ಮಾರಾಯ್ತಿ. ನೀ ಎಚ್ರ ಇದ್ರೆ ಹಾಯಿಗೆ ಕೇಡ್," ಎಂದು ಮರಳಿನ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಅಡಿಗೆ ಸೇರಿಸಿಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಯಾರೋ ಅಬ್ಬಲಿಗೆ ತಂದು ಹಂಚಿದರು, ಕೈಗೊಂದು ಕೆಲಸವಿರಲಿ ಎಂದು. ಪದ್ದಕ್ಕ ಮಾತ್ರ ಹೂ ಮುಟ್ಟಲಿಲ್ಲ.

ಅದು ಊರಿನ ಅತ್ಯಂತ ಉದ್ದದ ಮಧ್ಯಾಹ್ನ. ಏನೂ ನಡೆಯುತ್ತಿರಲಿಲ್ಲ. ನೇರಳೆ ಬಟ್ಟೆಗಳು ಸುಮ್ಮನೆ ಮಲಗಿದ್ದವು. ಆದರೆ ಅಂಬುಜಳಿಗೆ ಗೊತ್ತಿತ್ತು, ಆ ಮೌನದ ಒಳಗೆ, ಆ ಕೆನೆಯ ಅಡಿಯಲ್ಲಿ, ಕಣ್ಣಿಗೆ ಕಾಣದ ದೊಡ್ಡ ಜನಜಂಗುಳಿಯೊಂದು ನಡೆಯುತ್ತಿದೆ. ತಂಪಿನ ಕಡೆಗೆ, ಬೆಳ್ಳಿಯ ಕಡೆಗೆ, ಮನೆಯ ಕಡೆಗೆ. ಅವಳು ಮರಳಿಗೆ ಕಿವಿಗೊಟ್ಟು ಮಲಗಿದಳು. ಏಡಿಗಳ ಸದ್ದಿತ್ತು. ಅದರ ಆಚೆಗೆ ಇನ್ನೂ ಸಣ್ಣದೊಂದು ಸದ್ದು ಇದ್ದಂತಿತ್ತು. ಕಿತ್ತಳೆಯ ಘಮ ಅವಳನ್ನೂ ನಿದ್ದೆಗೆ ಎಳೆದುಕೊಂಡಿತು.

ಎಚ್ಚರವಾದಾಗ ಬಿಸಿಲು ಕೆಂಪಾಗಿತ್ತು. ಪದ್ದಕ್ಕ ಹಾಯಿಯ ಅಂಚನ್ನು ಎತ್ತಿ, ಅಡಿ ಮೈಗೆ ಕೆನ್ನೆ ತಾಗಿಸಿ ನೋಡುತ್ತಿದ್ದಳು.

"ಒಣ್ಗಿತ್ತ್," ಎಂದಳು. ಅವಳ ಕೆನ್ನೆಗೆ ನಾಲ್ಕು ಮರಳಿನ ಕಾಳು ಅಂಟಿದ್ದವು, ಬಣ್ಣ ಅಂಟಿರಲಿಲ್ಲ.

ಪೂಜೆಯ ದಿನ ಸಮುದ್ರಕ್ಕೆ ಹಾಲು ತೆಂಗಿನಕಾಯಿ ಒಪ್ಪಿಸಿ, ಶೀನ ಹೊಸ ಹಾಯಿ ಕಟ್ಟಿಕೊಂಡು ಹೊರಟ. ಹಗಲೆಲ್ಲ ದಿಗಂತದ ಹತ್ತಿರ ಒಂದು ನೇರಳೆ ಚುಕ್ಕೆ ಕಾಣುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಅದೂ ಕಾಣಲಿಲ್ಲ. ಗಾಳಿ ಬಿತ್ತು. ಇಳಿತ ಶುರುವಾಗಿ, ಹೊಳೆಯ ನೀರು ಅಳಿವೆಯ ಬಾಯಿಯಿಂದ ಬಿಳಿನೊರೆ ಕಟ್ಟಿಕೊಂಡು ಹೊರಗೆ ನುಗ್ಗತೊಡಗಿತು. ದಡದಲ್ಲಿ ಸಂಘದವರು ನಿಂತಿದ್ದರು, ಕಳದ ಹೆಂಗಸರು ನಿಂತಿದ್ದರು, ಹಂದೆಯವರು ಹಣೆಯ ಮೇಲಿನ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ನಿಂತಿದ್ದರು. ಪದ್ದಕ್ಕ ಒಬ್ಬಳೇ ಕೂತಿದ್ದಳು, ಮಂಡಿಯ ಮೇಲೆ ಎರಡು ಮುಷ್ಟಿ ಬಿಗಿದು. ಅಂಬುಜ ಅವಳ ಪಕ್ಕಕ್ಕೆ ಬಂದು ಕೂತಳು.

"ಶೀನ ಬತ್ತ ಅಲ್ದಾ?" ಎಂದು ಪದ್ದಕ್ಕ ಕೇಳಿದಳು. ಯಾರನ್ನು ಕೇಳಿದಳೋ.

ಮೊದಲು ಬಂದದ್ದು ಸದ್ದು. ಇಂಜಿನ್ನಿನ ಗಡಗಡವಲ್ಲ, ದುಂಬಿಯದರಂಥ ಒಂದು ಗುಂಯ್ ಎನ್ನುವ ನಾದ. ಆಮೇಲೆ ಕಂಬದ ತುದಿಯ ದೀಪ, ನೊರೆಯ ಆಚೆಗೆ. ದೀಪ ಅಳಿವೆಯ ಬಾಯಿಗೆ ಬಂದು ಸೆಳೆತಕ್ಕೆ ಎದುರಾಗಿ ನಿಂತಿತು. ಮುಂದೆ ಬರಲಿಲ್ಲ. ಹಿಂದೆಯೂ ಹೋಗಲಿಲ್ಲ. ಅಂಬುಜ ಬೇಕೆಂದೇ ಕಣ್ಣನ್ನು ಬೇರೆ ಕಡೆಗೆ ತಿರುಗಿಸಿದಳು, ಅಳತೆಮನೆಯ ಗೋಡೆಯ ಬೊಟ್ಟನ್ನು ನೋಡುವ ಹಾಗೆ. ಕವುಚಿಟ್ಟ ದೋಣಿಯನ್ನು ನೋಡಿದಳು, ಮೊದಲ ನಕ್ಷತ್ರವನ್ನು ನೋಡಿದಳು. ತಿರುಗಿ ನೋಡಿದಾಗ ದೀಪ ಒಂದು ಮಾರು ಒಳಗೆ ಬಂದಿತ್ತು.

ಇನ್ನೊಂದು ಮಾರು. ಮತ್ತೊಂದು. ಆಮೇಲೆ ಕತ್ತಲೆಯಿಂದ ಶೀನನ ಕೂಗು, "ಅಬ್ಬೀ! ಇನ್ನೂ ಅರ್ಧ ಬಾಕಿ ಇತ್ತ್ ಬ್ಯಾಟ್ರಿ!"

ದಡವೆಲ್ಲ ಒಮ್ಮೆಲೇ ಮಾತಾಡತೊಡಗಿತು. ಗುಲಾಬಿ ಯಾರದೋ ಬೆನ್ನಿಗೆ ಗುದ್ದಿ ನಗುತ್ತಿದ್ದಳು. ಪದ್ದಕ್ಕ ಕೂತಲ್ಲೇ ಮಂಡಿಯ ಮೇಲಿನ ಬಿಗಿದ ಮುಷ್ಟಿಗಳನ್ನು ನಿಧಾನವಾಗಿ ಬಿಚ್ಚಿ, ಎರಡೂ ಕೈಗಳನ್ನು ಮಗುಚಿ, ಅಂಗೈ ಮೇಲೆ ಮಾಡಿ ಮಡಿಲಲ್ಲಿ ಇಟ್ಟುಕೊಂಡಳು. ಬೆರಳಿನ ಸಂದುಗಳಲ್ಲಿ ನೇರಳೆ ಬಣ್ಣ ಇನ್ನೂ ಉಳಿದಿತ್ತು. ಹತ್ತಿರ ಬರುತ್ತಿದ್ದ ದೀಪದ ಬೆಳಕು ಅದರ ಮೇಲೆ ಬಿತ್ತು.